ಸೊಂಟದ ಸುತ್ತಳತೆ ಹೇಳುವ ರಕ್ತದ ಸುದ್ದಿ

ಒಂದೂವರೆ ಮೀಟರಿನ ಟೇಪು. ದರ್ಜಿಯ ಕೊರಳಿಗೆ ಜೋತುಬಿದ್ದಿರುತ್ತದಲ್ಲ, ಅದೇ. ಹದಿಮೂರರ ಹುಡುಗಿಯೊಬ್ಬಳ ಹೊಟ್ಟೆಯ ಸುತ್ತ ಅದನ್ನು ಒಮ್ಮೆ ತಂದು, ಬಂದ ಅಂಕಿಯನ್ನು ಅವಳ ಎತ್ತರದಿಂದ ಭಾಗಿಸಿ. ಸೂಜಿ ಚುಚ್ಚಲಿಲ್ಲ, ಒಂದು ಹನಿ ರಕ್ತ ತೆಗೆಯಲಿಲ್ಲ, ಲ್ಯಾಬಿಗೆ ಏನನ್ನೂ ಕಳಿಸಲಿಲ್ಲ. ಆದರೂ ಕೈಗೆ ಬಂದ ಆ ಪುಟ್ಟ ಭಾಗಲಬ್ಧ, ಅವಳ ರಕ್ತದಲ್ಲಿ ಹರಿಯುತ್ತಿರುವ ಒಂದು ಪ್ರೋಟೀನು ಹೆಚ್ಚಿರಬಹುದೇ, ಕಡಿಮೆಯಿರಬಹುದೇ ಎಂಬ ಸುಳಿವು ಕೊಟ್ಟುಬಿಡುತ್ತದೆ!

ಹೊರಗಿನ ಅಳತೆಗೂ ಒಳಗಿನ ರಕ್ತಕ್ಕೂ ಎತ್ತಣ ಸಂಬಂಧ? ವಿಜ್ಞಾನ ಇದನ್ನು ಬಿಡಿಸಲು ಮುಕ್ಕಾಲು ಶತಮಾನ ತೆಗೆದುಕೊಂಡಿತು. ಆ ಕಥೆ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಶುರುವಾಗಿ, ಮೈಸೂರಿನ ಹೆರಿಗೆ ವಾರ್ಡನ್ನು ಹಾದು, ಬೆಂಗಳೂರಿನ ಶಾಲೆಗಳ ಊಟದ ತಟ್ಟೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಅದು ಬರಬೇಕಾದದ್ದು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿಗೆ, ತೊಗರಿ ಹೊಲಗಳ ನಡುವಿನ ನರೋಣಾದಂಥ ಊರಿಗೆ. ಏಕೆಂದರೆ ಈ ವಿದ್ಯೆಗೆ ದೊಡ್ಡ ಯಂತ್ರ ಬೇಡ. ಟೇಪು ಹಿಡಿಯಬಲ್ಲ ಎರಡು ಕೈ ಸಾಕು.

ರಕ್ತದೊಳಗಿನ ಬೇಹುಗಾರ

1930. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆ. ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬ ಇಬ್ಬರು ವೈದ್ಯರು ನ್ಯುಮೋನಿಯಾ ರೋಗಿಗಳ ರಕ್ತದ ತಿಳಿಯನ್ನು ಪರೀಕ್ಷಿಸುತ್ತಿದ್ದರು. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದ ಮೈಯಿಂದ ತೆಗೆದ ಒಂದು ಸಕ್ಕರೆ ಪದಾರ್ಥವನ್ನು, ಅವರು 'ಸಿ' ಎಂದು ಗುರುತು ಹಾಕಿದ್ದನ್ನು, ಆ ತಿಳಿಗೆ ಬೆರೆಸಿದಾಗ ದ್ರವ ಗಟ್ಟಿಯಾಗಿ ತಳಕ್ಕಿಳಿಯಿತು. ಕಾಯಿಲೆ ಜೋರಾಗಿದ್ದವರ ರಕ್ತದಲ್ಲಿ ಹೀಗಾಗುತ್ತಿತ್ತು. ಅವರು ಗುಣವಾಗುತ್ತಿದ್ದಂತೆ ಈ ಪ್ರತಿಕ್ರಿಯೆ ಮಾಯವಾಗುತ್ತಿತ್ತು! ರಕ್ತದಲ್ಲಿ ಏನೋ ಒಂದು ಹುಟ್ಟಿ ಕೆಲಸ ಮುಗಿಸಿ ಮರೆಯಾಗುತ್ತಿದೆ. ಆ 'ಏನೋ ಒಂದು' ಇವತ್ತು ಸಿ-ರಿಯಾಕ್ಟಿವ್ ಪ್ರೋಟೀನ್. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಕೇಳಿಬಂದ ಸಿಆರ್‌ಪಿ ಅದೇ.

ಇದರ ವೇಗ ನೋಡಿ. ದೇಹದಲ್ಲಿ ಎಲ್ಲಿಯೇ ಸೋಂಕು, ಗಾಯ ಆಗಲಿ, ಲಿವರ್ ಕೆಲವೇ ಗಂಟೆಗಳಲ್ಲಿ ಇದನ್ನು ತಯಾರಿಸತೊಡಗುತ್ತದೆ. ಎರಡು ದಿನದೊಳಗೆ ಅದರ ಪ್ರಮಾಣ ಸಾವಿರ ಪಟ್ಟು ಏರಬಲ್ಲದು. ಹೌದು, ಸಾವಿರ ಪಟ್ಟು! ತಯಾರಿ ನಿಂತರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತ ಹೋಗುತ್ತದೆ. ಹಾಗಾಗಿ ಅದು ನಿನ್ನೆ ಮೊನ್ನೆಯ ಸುದ್ದಿಯನ್ನು ಇಂದೇ ಮುಟ್ಟಿಸುವ ಬೇಹುಗಾರ.

ವೈದ್ಯರು ಬಹಳ ಕಾಲ ಈ ದೊಡ್ಡ ಏರಿಳಿತವನ್ನಷ್ಟೇ ನೋಡುತ್ತಿದ್ದರು. ಅತಿ ಸಣ್ಣ ಪ್ರಮಾಣವನ್ನೂ ಹಿಡಿಯಬಲ್ಲ ಪರೀಕ್ಷೆಗಳು ಬಂದ ಮೇಲೆ ಬೇರೆಯೇ ಲೋಕ ತೆರೆಯಿತು. ಜ್ವರವಿಲ್ಲ, ಕೆಮ್ಮಿಲ್ಲ, ಗಾಯವಿಲ್ಲ, ಆರಾಮಾಗಿ ಓಡಾಡಿಕೊಂಡಿದ್ದಾರೆ; ಆದರೂ ಕೆಲವರ ರಕ್ತದಲ್ಲಿ ಸಿಆರ್‌ಪಿ ಒಂದು ಲೀಟರಿಗೆ ಮೂರು, ನಾಲ್ಕು, ಐದು ಮಿಲಿಗ್ರಾಂನಷ್ಟು ಸದಾ ಇದ್ದೇ ಇರುತ್ತದೆ. ಬೂದಿ ಮುಚ್ಚಿದ ಕೆಂಡದಂಥ ಉರಿಯೂತ! ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2003ರಲ್ಲಿ ವಯಸ್ಕರಿಗೆ ಗೆರೆ ಹಾಕಿಕೊಟ್ಟಿತು: ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಹೃದಯಕ್ಕೆ ಅಪಾಯ ಕಡಿಮೆ, 1ರಿಂದ 3 ನಡುವಿನದು, 3 ದಾಟಿದರೆ ಹೆಚ್ಚು. ಈ ಕೆಂಡಕ್ಕೆ ಗಾಳಿ ಊದುತ್ತಿರುವವರು ಯಾರು?

ಕೊಬ್ಬು ಮಾತಾಡುತ್ತದೆ!

ಉತ್ತರ ಬಂದದ್ದು ಯಾರೂ ಎಣಿಸದ ಕಡೆಯಿಂದ. ಕೊಬ್ಬು ಅಂದರೆ ಮಿಕ್ಕಿದ ಆಹಾರ ಕೂಡಿಡುವ ಜಾಗ, ಅಷ್ಟೇ. ಅದು ಸುಮ್ಮನೆ ಬಿದ್ದಿರುತ್ತದೆ ಎಂದೇ ಎಲ್ಲರೂ ನಂಬಿದ್ದರು. 1993ರಲ್ಲಿ ಗೋಖಾನ್ ಹೊತಮಿಸ್ಲಿಗಿಲ್ ಮತ್ತು ಸಂಗಡಿಗರು ದಪ್ಪ ಇಲಿಗಳ ಕೊಬ್ಬನ್ನು ಪರೀಕ್ಷಿಸಿದರು. ಅಲ್ಲಿ ಸಿಕ್ಕಿದ್ದು ಟಿಎನ್‌ಎಫ್-ಆಲ್ಫಾ. ದೇಹ ರೋಗಾಣುಗಳ ವಿರುದ್ಧ ಹೋರಾಡುವಾಗ ಹೊರಡಿಸುವ ಕೂಗು ಅದು. ಕೊಬ್ಬಿನಲ್ಲಿ ಅದಕ್ಕೇನು ಕೆಲಸ? ಮರುವರ್ಷವೇ, 1994ರಲ್ಲಿ, ಜೆಫ್ರಿ ಫ್ರೀಡ್‌ಮನ್ ತಂಡ ಕೊಬ್ಬಿನ ಕೋಶಗಳೇ ಸ್ರವಿಸುವ ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿಯಿತು. 'ಹೊಟ್ಟೆ ತುಂಬಿತು, ಇನ್ನು ಸಾಕು' ಎಂದು ಮಿದುಳಿಗೆ ಹೇಳುವ ಹಾರ್ಮೋನು ಅದು. ಎರಡೇ ವರ್ಷದಲ್ಲಿ ಕೊಬ್ಬಿನ ಬಗೆಗಿದ್ದ ನಂಬಿಕೆ ತಲೆಕೆಳಗಾಯಿತು. ಅದು ಮಿದುಳಿನೊಡನೆ, ಲಿವರಿನೊಡನೆ, ಸ್ನಾಯುವಿನೊಡನೆ ಹಗಲಿರುಳು ಮಾತಾಡುವ ಅಂಗ!

ಮುಂದಿನ ಅಚ್ಚರಿ 2003ರದು. ಅಮೆರಿಕದ ಎರಡು ತಂಡಗಳು ಬೇರೆಬೇರೆಯಾಗಿ ಒಂದೇ ಸಂಗತಿಯನ್ನು ಪ್ರಕಟಿಸಿದವು. ದಪ್ಪಗಾದ ದೇಹದ ಕೊಬ್ಬಿನೊಳಗೆ ಮ್ಯಾಕ್ರೋಫೇಜುಗಳು ಬಂದು ತುಂಬಿಕೊಳ್ಳುತ್ತವೆ. ಮ್ಯಾಕ್ರೋಫೇಜು ಎಂದರೆ ರೋಗಾಣುಗಳನ್ನು ನುಂಗುವ ರಕ್ಷಕ ಕೋಶ. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿ, ಮರುದಿನ ಬೆಳಿಗ್ಗೆ ಮುಳ್ಳಿನ ಸುತ್ತ ಮುತ್ತಿಕೊಂಡಿದ್ದ ಕೋಶಗಳನ್ನು ಕಂಡು ಬೆರಗಾದ. ಅದೇ ಕುಲದ ಕೋಶಗಳು ಇವು. ತೆಳ್ಳಗಿನ ದೇಹದ ಕೊಬ್ಬಿನಲ್ಲಿ ನೂರಕ್ಕೆ ಹತ್ತೂ ಇರದ ಈ ರಕ್ಷಕರು, ತುಂಬ ದಪ್ಪಗಾದ ಮನುಷ್ಯರ ಕೊಬ್ಬಿನಲ್ಲಿ ನೂರಕ್ಕೆ ನಲವತ್ತರ ಹತ್ತಿರ ಹತ್ತಿರ ಇರುತ್ತಾರೆ!

ಯಾಕೆ ಬಂದರು? ಕೊಬ್ಬಿನ ಕೋಶ ಉಬ್ಬುತ್ತ ಹೋದಂತೆ ರಕ್ತನಾಳದಿಂದ ದೂರವಾಗುತ್ತದೆ, ಆಮ್ಲಜನಕ ಸಾಲುವುದಿಲ್ಲ, ಕೆಲವು ಕೋಶಗಳು ಸಾಯುತ್ತವೆ. ಸತ್ತದ್ದನ್ನು ಎತ್ತಿ ಚೊಕ್ಕಟ ಮಾಡಲು ಮ್ಯಾಕ್ರೋಫೇಜುಗಳು ಸುತ್ತುಗಟ್ಟುತ್ತವೆ. ಅವು ಟಿಎನ್‌ಎಫ್-ಆಲ್ಫಾವನ್ನೂ ಇಂಟರ್‌ಲ್ಯೂಕಿನ್-6 ಎಂಬ ಇನ್ನೊಂದು ಸಂದೇಶವನ್ನೂ ರಕ್ತಕ್ಕೆ ಬಿಡುತ್ತವೆ. ಹೊಟ್ಟೆಯೊಳಗೆ ಕರುಳನ್ನು ಸುತ್ತಿಕೊಂಡ ಕೊಬ್ಬಿನಿಂದ ಹೊರಟ ರಕ್ತ ನೇರ ಲಿವರಿಗೇ ಹೋಗುತ್ತದೆ. ಲಿವರ್ ಸಂದೇಶ ಓದುತ್ತದೆ, ಸಿಆರ್‌ಪಿ ತಯಾರಿಸುತ್ತದೆ. ಇದೇ ಆ ಗುಟ್ಟು! ಸೊಂಟದ ಸುತ್ತ ಟೇಪು ಹಿಡಿದಾಗ ನಾವು ಅಂದಾಜು ಮಾಡುತ್ತಿರುವುದು ಲಿವರಿನ ಪಕ್ಕದಲ್ಲೇ ಇರುವ ಈ ಮಾತುಗಾರ ಕೊಬ್ಬನ್ನು. ತೊಡೆ, ನಿತಂಬಗಳ ಕೊಬ್ಬು ಅಷ್ಟು ಗಲಾಟೆ ಮಾಡುವುದಿಲ್ಲ. ತೂಕದ ಯಂತ್ರಕ್ಕೆ ಎಲ್ಲ ಕಿಲೋಗಳೂ ಒಂದೇ. ಟೇಪಿಗೆ ಮಾತ್ರ ಕೊಬ್ಬು ಎಲ್ಲಿದೆ ಎಂಬುದು ಗೊತ್ತು.

ಮಕ್ಕಳಲ್ಲೂ?

ಇದೆಲ್ಲ ನಡುವಯಸ್ಸು ದಾಟಿದವರ ಕಥೆ ಇರಬೇಕು ಎಂದು ವೈದ್ಯಲೋಕ ಸಮಾಧಾನ ಮಾಡಿಕೊಂಡಿತ್ತು. ಆ ಸಮಾಧಾನ ಹೆಚ್ಚು ಕಾಲ ಉಳಿಯಲಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ 8ರಿಂದ 16 ವರ್ಷದ ಮಕ್ಕಳ ರಕ್ತ ಪರೀಕ್ಷಿಸಿದ್ದನ್ನು ಮಾರ್ಯೋಲೈನ್ ವಿಸರ್ ಮತ್ತು ಸಹೋದ್ಯೋಗಿಗಳು 2001ರಲ್ಲಿ ವಿಶ್ಲೇಷಿಸಿದರು. ಉಳಿದ ಮಕ್ಕಳಿಗೆ ಹೋಲಿಸಿದರೆ, ತೂಕ ಹೆಚ್ಚಿದ್ದ ಮಕ್ಕಳಲ್ಲಿ ಸಿಆರ್‌ಪಿ ಏರಿರುವ ಸಾಧ್ಯತೆ ಮೂರು ಪಟ್ಟಿಗೂ ಮಿಗಿಲು. ಕಾಯಿಲೆ ಇದ್ದವರನ್ನು ಲೆಕ್ಕದಿಂದ ತೆಗೆದರೂ ಸಂಬಂಧ ಅಳಿಯಲಿಲ್ಲ. ಎಂಟು ವರ್ಷದ ಕೂಸು! ಬಿಡುವಿನ ಗಂಟೆ ಹೊಡೆದರೆ ಗುಂಡು ಹಾರಿದಂತೆ ಅಂಗಳಕ್ಕೆ ನುಗ್ಗುವ ವಯಸ್ಸು. ಆ ದೇಹದೊಳಗೂ ಕೆಂಡ.

ನಮ್ಮ ದೇಶದಲ್ಲಿ? 2003ರಲ್ಲಿ ದೆಹಲಿಯ ಏಮ್ಸ್‌ನಿಂದ ನವಲ್ ವಿಕ್ರಂ ಮತ್ತು ಅನೂಪ್ ಮಿಶ್ರಾ ತಂಡದ ಅಧ್ಯಯನ ಬಂತು. ನಗರದ ಆರೋಗ್ಯವಂತ ಹದಿಹರೆಯದವರನ್ನೂ ಯುವಜನರನ್ನೂ ಅವರು ಅಳೆದರು. ಎತ್ತರ, ತೂಕ, ಸೊಂಟ, ನಿತಂಬದ ಸುತ್ತಳತೆ ಆಯಿತು. ರಟ್ಟೆಯ ಹಿಂಬದಿಯ ಚರ್ಮದ ಮಡಿಕೆಯನ್ನು ಕ್ಯಾಲಿಪರ್‌ನಲ್ಲಿ ಹಿಡಿದು ಅದರ ದಪ್ಪವನ್ನೂ ನೋಡಿದರು. ನಂತರ ರಕ್ತ. ಅಳತೆಗಳು ಏರಿದ ಕಡೆ ಸಿಆರ್‌ಪಿಯೂ ಏರಿತ್ತು. ಟೇಪು ಮತ್ತು ಕ್ಯಾಲಿಪರ್ ಹೇಳಿದ್ದನ್ನು ರಕ್ತ ಅನುಮೋದಿಸಿತು!

ಇಂಗ್ಲೆಂಡಿನಲ್ಲಿ ಇನ್ನೂ ಬೆರಗು ಕಾದಿತ್ತು. ಲಂಡನ್, ಬರ್ಮಿಂಗ್‌ಹ್ಯಾಮ್, ಲೆಸ್ಟರ್ ನಗರಗಳ ಶಾಲೆಗಳಲ್ಲಿ 9-10 ವರ್ಷದ ಮಕ್ಕಳನ್ನು ಪೀಟರ್ ವಿಂಕಪ್ ಮುಂದಾಳುತನದ ತಂಡ ಪರೀಕ್ಷಿಸಿತು. ಭಾರತ ಉಪಖಂಡದ ಮೂಲದ ಮಕ್ಕಳಲ್ಲಿ ಸಿಆರ್‌ಪಿ, ಬಿಳಿಯ ಯುರೋಪಿಯನ್ ಮಕ್ಕಳಿಗಿಂತ ಸರಾಸರಿ ಶೇ 40ಕ್ಕೂ ಹೆಚ್ಚು. ಇನ್ಸುಲಿನ್ ಕೂಡ ಹೆಚ್ಚು. ಅದೇ ಊರು, ಅದೇ ಶಾಲೆ. ಹಾಗಾದರೆ ನಮ್ಮ ಮೈಯಲ್ಲೇ ಏನೋ ಇದೆ. ಅದು ಯಾವಾಗ ಶುರುವಾಗುತ್ತದೆ? ಇದಕ್ಕೆ ಉತ್ತರ ಹುಡುಕಲು ಮೈಸೂರಿಗೇ ಬರಬೇಕು.

ಮೈಸೂರಿನ ದಫ್ತರಗಳು

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ ಕರೆಯುವುದು ಮಿಷನ್ ಆಸ್ಪತ್ರೆ ಎಂದು. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ಅಂದವಾದ ಕೈಬರಹದಲ್ಲಿ ಬರೆದಿಟ್ಟರು. ಯಾವ ದೊಡ್ಡ ಸಂಶೋಧನೆಗೂ ಅಲ್ಲ. ದಿನದ ಕೆಲಸ ಅಂತ. ಆರು ದಶಕ ಕಳೆದ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್‌ನ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು, ಆಸ್ಪತ್ರೆಯ ವೈದ್ಯರ ಜೊತೆ ಸೇರಿ ಆ ದಫ್ತರಗಳನ್ನು ಬಿಚ್ಚಿದರು. 1934ರಿಂದ 1954ರ ನಡುವೆ ಹುಟ್ಟಿ ಮೈಸೂರಿನಲ್ಲೇ ಇದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಹೃದ್ರೋಗ ಶೇ 11, ಮೂರು ಕಿಲೋ ದಾಟಿ ಚೆನ್ನಾಗಿ ತೂಗಿದವರಲ್ಲಿ ಶೇ 3! ಯಾರೋ ದಾದಿ ತಕ್ಕಡಿಯಲ್ಲಿ ಮಗು ಇಟ್ಟು ಬರೆದ ಒಂದು ಅಂಕಿ, ಐವತ್ತು ವರ್ಷದ ಮುಂದಿನ ಎದೆನೋವಿನ ಸುಳಿವು ಹೊತ್ತಿತ್ತು.

ಮುಂದಿನ ಹೆಜ್ಜೆ ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನ. 830 ಗರ್ಭಿಣಿಯರು ಸೇರಿದರು. ಅವರ ಮಕ್ಕಳನ್ನು ಹುಟ್ಟಿದ ಕ್ಷಣದಿಂದ ಹದಿಹರೆಯದವರೆಗೂ, ಆಮೇಲೂ ಅಳೆಯುತ್ತ ಬಂದವರು ಡಾ. ಜಿ.ವಿ. ಕೃಷ್ಣವೇಣಿ ಮತ್ತು ತಂಡ. ಅವರು ಕಂಡದ್ದು ಬೆಚ್ಚಿಬೀಳಿಸುವಂಥದ್ದು. ಇಂಗ್ಲೆಂಡಿನ ಶಿಶುಗಳ ಪಕ್ಕದಲ್ಲಿಟ್ಟರೆ ಮೈಸೂರಿನ ಶಿಶು ತೂಕದಲ್ಲಿ, ಉದ್ದದಲ್ಲಿ, ತೋಳಿನ ಸುತ್ತಳತೆಯಲ್ಲಿ ಚಿಕ್ಕದು. ಒಂದೇ ಒಂದು ಅಳತೆಯಲ್ಲಿ ಮಾತ್ರ ಹಿಂದೆ ಬೀಳಲಿಲ್ಲ: ಬೆನ್ನಿನ ಹಲಗೆಮೂಳೆಯ ಕೆಳಗಿನ ಚರ್ಮದ ಮಡಿಕೆ. ಅಂದರೆ ನಡುಮೈಯ ಕೊಬ್ಬು! ಎಲುಬು, ಸ್ನಾಯು ಎಲ್ಲ ಕಡಿಮೆ. ಕೊಬ್ಬು ಮಾತ್ರ ತನ್ನ ಪಾಲನ್ನು ಬಿಟ್ಟುಕೊಟ್ಟಿಲ್ಲ. ಮಗು ನಾಲ್ಕು ವರ್ಷಕ್ಕೆ ಬಂದಾಗಲೂ ಇದೇ ಲಕ್ಷಣ ಮುಂದುವರಿದಿತ್ತು. ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ತಂಡವೂ ಇದನ್ನೇ ಕಂಡಿತ್ತು. ಅಲ್ಲಿನ ಹಳ್ಳಿಗಳ ಶಿಶುಗಳು ಸರಾಸರಿ 2.7 ಕಿಲೋ, ಸೌತಾಂಪ್ಟನ್‌ನವು 3.5 ಕಿಲೋ, ಆದರೂ ಪುಟ್ಟ ಮೈಯಲ್ಲಿ ಕೊಬ್ಬಿನ ಪಾಲು ಉಳಿದುಕೊಂಡಿತ್ತು. ನೋಟಕ್ಕೆ ಸಣಕಲು, ಒಳಗೆ ಕೊಬ್ಬಿಟ್ಟುಕೊಂಡ ಮೈ.

2004ರಲ್ಲಿ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮ ತಮ್ಮ ದೇಹವನ್ನೇ ಸ್ಕ್ಯಾನ್ ಮಾಡಿಸಿ 'ಲ್ಯಾನ್ಸೆಟ್' ಪತ್ರಿಕೆಗೆ ಕೊಟ್ಟರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಒಂದೇ: 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1. ಯಾಜ್ಞಿಕ್ ಮೈಯಲ್ಲಿ ಶೇ 21.2! ಎತ್ತರ-ತೂಕದ ಲೆಕ್ಕ ಇಬ್ಬರನ್ನೂ ಒಂದೇ ಎಂದಿತು, ಸ್ಕ್ಯಾನ್ ಒಪ್ಪಲಿಲ್ಲ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2015ರ ಬೆಳವಣಿಗೆ ನಕ್ಷೆಗಳಲ್ಲಿ ವಯಸ್ಕರ 23 ಮತ್ತು 27ರ ಬಿಎಂಐಗೆ ಸರಿಹೊಂದುವ ಗೆರೆಗಳನ್ನು ಎಳೆದದ್ದು ಇದಕ್ಕೇ. ಹೊರದೇಶಗಳ ಗೆರೆ 25 ಮತ್ತು 30. ನಮ್ಮ ಮಕ್ಕಳಿಗೆ ಎಚ್ಚರಿಕೆ ಬೇಗ ಸಿಗಬೇಕು.

ಗುಳಿಗೆ ನುಂಗಿದರೂ ರಕ್ತ ಏರದ ಒಗಟು

ಇಲ್ಲಿಯವರೆಗೆ ಕೇಳಿದವರು 'ಇದು ಪ್ಯಾಟಿ ಮಂದಿ ಚಿಂತಿ ಬಿಡ್ರಿ, ನಮ್ಮ ಹುಡುಗರು ಬಡಕಲ ಅದಾವ' ಎನ್ನಬಹುದು. ಒಂದು ನಿಮಿಷ ತಡೆಯಿರಿ. ಈ ಕಥೆಯ ಅತ್ಯಂತ ಅದ್ಭುತವಾದ ತಿರುವು ಈಗ ಬರುತ್ತಿದೆ, ಅದು ನರೋಣಾದ ಪ್ರತಿ ಹುಡುಗಿಗೂ ಸಂಬಂಧಪಟ್ಟದ್ದು.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆ ಎಲ್ಲರಿಗೂ ಗೊತ್ತು. 60 ಮಿಲಿಗ್ರಾಂ ಕಬ್ಬಿಣಾಂಶ, ಜೊತೆಗೆ ಫೋಲಿಕ್ ಆಮ್ಲ. 2016-18ರ ಸಮಗ್ರ ರಾಷ್ಟ್ರೀಯ ಪೋಷಣೆ ಸಮೀಕ್ಷೆಯ ಪ್ರಕಾರ ದೇಶದ ಹದಿಹರೆಯದ ಹುಡುಗಿಯರಲ್ಲಿ ನೂರಕ್ಕೆ 40 ಮಂದಿಗೆ ರಕ್ತಹೀನತೆ. ಗುಳಿಗೆ ತಿಂದರೂ ಕೆಲವರಲ್ಲಿ ಹಿಮೋಗ್ಲೋಬಿನ್ ಏಕೆ ಮೇಲೇರುವುದಿಲ್ಲ?

ಲಿವರ್ ತಯಾರಿಸುವ ಇನ್ನೊಂದು ಪುಟಾಣಿ ವಸ್ತು ಹೆಪ್ಸಿಡಿನ್. ಬರೀ 25 ಅಮೈನೋ ಆಮ್ಲಗಳ ಸರಪಳಿ. ಕರುಳಿನಿಂದ ರಕ್ತಕ್ಕೆ ಕಬ್ಬಿಣ ಹೋಗುವ ದಾರಿಯನ್ನು ಮುಚ್ಚುವುದು ಅದರ ಕೆಲಸ. ರೋಗಾಣುಗಳಿಗೂ ಬದುಕಲು ಕಬ್ಬಿಣ ಬೇಕು; ಸೋಂಕಿನ ಹೊತ್ತಿನಲ್ಲಿ ಅವಕ್ಕೆ ಅದು ಸಿಗದಂತೆ ಮಾಡಲು ದೇಹ ಹೂಡಿದ ಉಪಾಯ ಇದು. ಎಂಥ ಜಾಣ್ಮೆ! ಆದರೆ ಹೆಪ್ಸಿಡಿನ್ ತಯಾರಿಸು ಎಂದು ಲಿವರಿಗೆ ಅಪ್ಪಣೆ ಕೊಡುವುದು ಯಾರು ಗೊತ್ತೇ? ಅದೇ ಇಂಟರ್‌ಲ್ಯೂಕಿನ್-6! ಸಿಆರ್‌ಪಿ ಏರಿಸುವ ಸಂದೇಶವೇ ಕಬ್ಬಿಣದ ದಾರಿಯನ್ನೂ ಮುಚ್ಚಿಸುತ್ತದೆ. ಒಳಗೆ ಕೆಂಡ ಆರದಿದ್ದರೆ ಗುಳಿಗೆಯ ಕಬ್ಬಿಣ ಕರುಳಿನ ಕೋಶಗಳಲ್ಲೇ ಉಳಿದು, ಕೋಶಗಳು ಉದುರಿದಾಗ ಮಲದಲ್ಲಿ ಹೊರಟುಹೋಗುತ್ತದೆ.

ಇದು ಬರೀ ಊಹೆಯಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಸುಮಿತ್ರಾ ಮುತ್ತಯ್ಯ, ಅನುರಾ ಕುರ್ಪಾಡ್ ಮತ್ತು ಜ್ಯೂರಿಕ್‌ನ ಮೈಕಲ್ ಝಿಮ್ಮರ್‌ಮನ್ ಮೊದಲಾದವರು ಬೆಂಗಳೂರಿನ ಶಾಲಾ ಮಕ್ಕಳ ಮಧ್ಯಾಹ್ನದ ಊಟದಲ್ಲಿ ಕಬ್ಬಿಣಾಂಶ ಸೇರಿಸಿದ ಅಕ್ಕಿ ಕೊಟ್ಟು ನೋಡಿದರು. ಅದರ ಫಲ 2006ರಲ್ಲಿ ಪ್ರಕಟವಾಯಿತು: ಕಬ್ಬಿಣದ ಕೊರತೆ ತಗ್ಗಿತ್ತು. 2008ರಲ್ಲಿ ಭಾರತ ಮತ್ತು ಮೊರಾಕ್ಕೋದ ಮಕ್ಕಳು, ಥಾಯ್ಲೆಂಡಿನ ಮಹಿಳೆಯರು, ಇವರೆಲ್ಲರ ಮಾಹಿತಿಯನ್ನು ಒಟ್ಟಿಗಿಟ್ಟು ನೋಡಿದಾಗ ಇನ್ನೊಂದು ಸಂಗತಿ ಎದ್ದು ಕಂಡಿತು. ವಯಸ್ಸಿಗೆ ತಕ್ಕ ಬಿಎಂಐ ಹೆಚ್ಚಿದ್ದ ಮಕ್ಕಳಲ್ಲಿ ಕಬ್ಬಿಣದ ಕೊರತೆ ಹೆಚ್ಚು, ಬಲವರ್ಧಿತ ಆಹಾರ ತಿಂದರೂ ಚೇತರಿಕೆ ಕಡಿಮೆ! ಬೆಂಗಳೂರಿನ ಮಕ್ಕಳ ಊಟದ ತಟ್ಟೆಯಿಂದ ಎದ್ದ ಈ ಸುಳಿವು ಜಗತ್ತಿನ ಪೋಷಣಾ ಶಾಸ್ತ್ರಕ್ಕೆ ಹೊಸ ಪಾಠ ಹೇಳಿತು: ಎಷ್ಟು ಕಬ್ಬಿಣ ಕೊಟ್ಟೆವು ಎಂಬುದರ ಜೊತೆಗೆ, ಅದನ್ನು ಒಳಗೆ ಬಿಟ್ಟುಕೊಳ್ಳುವ ಸ್ಥಿತಿಯಲ್ಲಿ ದೇಹ ಇದೆಯೇ ಎಂಬುದನ್ನೂ ಕೇಳಬೇಕು.

ಬಡಕಲು ಮೈಯ ಕೆಂಡ

ಬಡಕಲು ಮಕ್ಕಳ ಗತಿ? ಅವರಲ್ಲೂ ಕೆಂಡ ಇರಬಲ್ಲದು, ಬೇರೆ ಕಡೆಯಿಂದ ಹೊತ್ತಿಕೊಂಡದ್ದು. ಪದೇ ಪದೇ ಭೇದಿ, ಮಲಿನ ನೀರು, ಬಯಲು ಶೌಚದಿಂದ ಬರುವ ಕರುಳಿನ ಸೋಂಕು, ವಾಸಿಯಾಗದ ಹಲ್ಲಿನ ಹುಳುಕು, ಒಲೆಯ ಹೊಗೆ. ಇವೂ ಉರಿಯೂತ ಏರಿಸುತ್ತವೆ, ಇವೂ ಕಬ್ಬಿಣದ ದಾರಿಗೆ ಅಡ್ಡಬರುತ್ತವೆ. ಉರಿಯೂತ ಸದಾ ಇದ್ದರೆ ಬೆಳೆಯಲು ಬೇಕಾದ ಶಕ್ತಿ ಅದಕ್ಕೇ ಖರ್ಚಾಗುತ್ತದೆ. ಮಗುವಿನ ಎತ್ತರವೂ ಕುಂಠಿತವಾಗುತ್ತದೆ.

ಈಗ ಈ ಎರಡೂ ಎಳೆಗಳನ್ನು ಕೂಡಿಸಿ. ರಾಷ್ಟ್ರೀಯ ಪೋಷಣೆ ಸಮೀಕ್ಷೆ 1.12 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು, ಹದಿಹರೆಯದವರನ್ನು ಅಳೆಯಿತು. ಸುಮಾರು 51 ಸಾವಿರ ಮಂದಿಯಿಂದ ಪರೀಕ್ಷೆಗೆ ಮಾದರಿ ಪಡೆಯಿತು. ಸಿಆರ್‌ಪಿಯನ್ನೂ ನೋಡಿತು. ಹದಿಹರೆಯದವರಲ್ಲಿ ನೂರಕ್ಕೆ 24 ಮಂದಿ ವಯಸ್ಸಿಗೆ ತಕ್ಕಷ್ಟು ಮೈ ಇಲ್ಲದವರು, 5 ಮಂದಿ ತೂಕ ಹೆಚ್ಚಾದವರು. ಹಾಗಾದರೆ ಚಿಂತೆ ಬಡಕಲುತನದ್ದೇ ಎನಿಸುತ್ತದೆ. ಆದರೆ ಹರ್ಷಪಾಲ್ ಸಚ್‌ದೇವ್, ಅನುರಾ ಕುರ್ಪಾಡ್ ಮೊದಲಾದವರು ಆ ಬಡಕಲು, ಕುಳ್ಳಗಿನ ಮಕ್ಕಳ ರಕ್ತದ ವರದಿಗಳನ್ನೇ ಬಿಡಿಸಿ ನೋಡಿದಾಗ ದಂಗಾಗುವ ಸಂಗತಿ ಹೊರಬಿತ್ತು. ಅವರಲ್ಲಿ ಅರ್ಧದಷ್ಟು ಮಕ್ಕಳಿಗೆ ಸಕ್ಕರೆಯೋ ಕೊಬ್ಬಿನಂಶವೋ, ಕನಿಷ್ಠ ಒಂದು ಅಂಶ ಅಂಕೆ ಮೀರಿತ್ತು. ದಪ್ಪಗಿರುವವರ ಕಾಯಿಲೆ ಎಂದುಕೊಂಡದ್ದು ತೆಳ್ಳಗಿನ ಮೈಯಲ್ಲೂ ಕೂತಿದೆ!

ಮೈಸೂರಿನ ಶಿಶುವಿನ ಬೆನ್ನಿನ ಮಡಿಕೆ ನೆನಪಿಸಿಕೊಂಡರೆ ಇದು ಅರ್ಥವಾಗುತ್ತದೆ. ಸ್ನಾಯು ಕಡಿಮೆ, ಎತ್ತರ ಕಡಿಮೆ. ಇದ್ದಷ್ಟೇ ಕೊಬ್ಬು ನಡುಮೈಯಲ್ಲಿ. ಇಂಥ ಮಗು ತೂಕದ ಯಂತ್ರದ ಮೇಲೆ ನಿಂತರೆ ಯಂತ್ರ ಏನನ್ನೂ ಹೇಳದು. ಟೇಪು ಹೇಳೀತು.

ನರೋಣಾದಲ್ಲಿ ಟೇಪು

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಆರೋಗ್ಯ ತಂಡಗಳು 2013ರಿಂದ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಹೋಗಿ ಮಕ್ಕಳ ಎತ್ತರ, ತೂಕ ಬರೆದುಕೊಳ್ಳುತ್ತವೆ. ಇಷ್ಟು ವ್ಯವಸ್ಥೆ ಈಗಾಗಲೇ ಇದೆ. ಅದಕ್ಕೆ ಸೇರಬೇಕಾದದ್ದು ಒಂದೇ ಅಳತೆ.

ಕೊನೆಯ ಪಕ್ಕೆಲುಬು ಮುಗಿಯುವ ಜಾಗ ಬೆರಳಿಂದ ಹುಡುಕಿ. ಸೊಂಟದ ಮೂಳೆಯ ಮೇಲಂಚು ಹುಡುಕಿ. ಎರಡರ ನಟ್ಟನಡುವೆ, ನೆಲಕ್ಕೆ ಸಮನಾಗಿ ಟೇಪು ಹಿಡಿಯಿರಿ. ಮಗು ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಿ. ಟೇಪು ಬಿಗಿಯಾಗಿ ಒತ್ತಬಾರದು, ಜೋತು ಬೀಳಲೂಬಾರದು. ಹುಡುಗಿಯರನ್ನು ಆರೋಗ್ಯ ಸಹಾಯಕಿಯೋ ಶಿಕ್ಷಕಿಯೋ ಮರೆಯಲ್ಲಿ ಅಳೆಯಬೇಕು. ಅಂಕಿಯನ್ನು ತರಗತಿಯ ಮುಂದೆ ಕೂಗಬಾರದು.

ಇಬ್ಬರು ಮಕ್ಕಳನ್ನು ಊಹಿಸಿಕೊಳ್ಳಿ. ಇಬ್ಬರೂ 150 ಸೆಂಟಿಮೀಟರ್ ಎತ್ತರ, 42 ಕಿಲೋ ತೂಕ. ಇಬ್ಬರ ಬಿಎಂಐ 18.7, ಕಾರ್ಡಿನಲ್ಲಿ ಇಬ್ಬರೂ ಒಂದೇ. ಒಬ್ಬನ ಸೊಂಟ 64 ಸೆಂಟಿಮೀಟರ್, ಭಾಗಿಸಿದರೆ 0.43. ಇನ್ನೊಬ್ಬನದು 77, ಭಾಗಿಸಿದರೆ 0.51. ಸೊಂಟ ಎತ್ತರದ ಅರ್ಧದೊಳಗಿರಲಿ ಎಂಬ ಸರಳ ಸೂತ್ರವನ್ನು ಬ್ರಿಟನ್ನಿನ ಮಾರ್ಗರೆಟ್ ಆಶ್‌ವೆಲ್ ಬಹುಕಾಲ ಸಾರಿದರು. 2022ರಲ್ಲಿ ಅಲ್ಲಿನ ಆರೋಗ್ಯ ಮಾರ್ಗಸೂಚಿ ಐದು ವರ್ಷ ದಾಟಿದ ಮಕ್ಕಳಿಗೂ ಈ ಅಳತೆಯನ್ನು ಬಳಸಬಹುದೆಂದಿತು. ಹದಿಹರೆಯಕ್ಕೆ ಇದು ಹೇಳಿ ಮಾಡಿಸಿದಂತಿದೆ. ಆ ವಯಸ್ಸಿನಲ್ಲಿ ಒಂದೇ ತರಗತಿಯ ಇಬ್ಬರಲ್ಲಿ ಒಬ್ಬಳು ನೆರೆದು ಎತ್ತರ ಬೆಳೆದಿರುತ್ತಾಳೆ, ಇನ್ನೊಬ್ಬಳು ಇನ್ನೂ ಚಿಕ್ಕ ಹುಡುಗಿ. ಬಿಎಂಐಗೆ ವಯಸ್ಸು, ಲಿಂಗಕ್ಕೆ ತಕ್ಕ ಕೋಷ್ಟಕ ಬೇಕು. ಸೊಂಟವನ್ನು ಎತ್ತರದಿಂದ ಭಾಗಿಸಲು ಐದನೇ ತರಗತಿಯ ಗಣಿತ ಸಾಕು!

ಭಾಗಲಬ್ಧ 0.5 ದಾಟಿದ್ದು ರೋಗದ ತೀರ್ಪಲ್ಲ. ಈ ಮಗುವಿನ ಕಡೆ ಇನ್ನೊಮ್ಮೆ ನೋಡಿ ಎಂಬ ಕರೆ ಅದು. ಎಲ್ಲ ಮಕ್ಕಳಿಗೂ ಸಿಆರ್‌ಪಿ ಪರೀಕ್ಷೆ ಮಾಡಿಸುವ ಅಗತ್ಯವೂ ಇಲ್ಲ. ಒಂದು ನೆಗಡಿ ಸಾಕು ಅದು ಏರಲು. ಮುಖ್ಯವಾದದ್ದು ಬೇರೆ: ಈ ಕೆಂಡ ಆರುತ್ತದೆ! ಹದಿಹರೆಯದ ದೇಹ ಬೇಗ ಕೇಳುತ್ತದೆ. ದಿನಕ್ಕೊಂದು ಗಂಟೆ ಕಬಡ್ಡಿ, ಕೊಕ್ಕೊ, ಸೈಕಲ್ಲು. ಸರಿಯಾದ ನಿದ್ದೆ. ಚೀಲದ ಕುರುಕಲು, ಬಾಟಲಿಯ ಸಿಹಿ ಪಾನೀಯ ಬಿಟ್ಟು ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿಯ ತೊಗರಿ ನಮ್ಮ ಹೊಲದಲ್ಲೇ ಇದೆ. ಸ್ನಾಯು ಕಟ್ಟಲು ಬೇಕಾದ ಪ್ರೋಟೀನು ಅದರಲ್ಲಿದೆ.

ಅಳತೆಯಿಂದ ನೀತಿ ಬದಲಾಗುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ಸೀಮೆಯಲ್ಲೇ ಇದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದಾಗ ರಾಜ್ಯದಲ್ಲಿ ದೊಡ್ಡ ಜಗಳವೇ ನಡೆಯಿತು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ತಂಡ, ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನೂ ಮೊಟ್ಟೆ ಸಿಗದ ಗದಗದ ಮಕ್ಕಳನ್ನೂ ಅಳೆದು ತೂಗಿ 2022ರಲ್ಲಿ ವರದಿ ಕೊಟ್ಟಿತು. ಯಾದಗಿರಿಯ ಮಕ್ಕಳ ತೂಕ, ಅದರಲ್ಲೂ ಎಂಟನೆಯ ತರಗತಿಯ ಹುಡುಗಿಯರದು, ಎದ್ದುಕಾಣುವಷ್ಟು ಏರಿತ್ತು. ಆಮೇಲೆ ಮೊಟ್ಟೆ ಇಡೀ ರಾಜ್ಯದ ಶಾಲೆಗಳಿಗೆ ಹೋಯಿತು. ವಾದಕ್ಕಿಂತ ತಕ್ಕಡಿಯ ಮಾತು ಗಟ್ಟಿ.

ಇನ್ನು ಟೇಪಿನ ಸರದಿ. ಮೊಟ್ಟೆಯಿಂದ ಏರಿದ ತೂಕ ಸ್ನಾಯುವೇ, ಎಲುಬೇ, ನಡುಮೈಯ ಕೊಬ್ಬೇ? ನೀಲಿ ಗುಳಿಗೆಗೆ ಹಿಮೋಗ್ಲೋಬಿನ್ ಏರದ ಹುಡುಗಿಯರ ಸೊಂಟ-ಎತ್ತರದ ಭಾಗಲಬ್ಧ ಎಷ್ಟು? ಉತ್ತರ ಸಿಕ್ಕರೆ ಕಬ್ಬಿಣದ ಜೊತೆಗೆ ಯಾರಿಗೆ ಆಟದ ಮೈದಾನ ಬೇಕು, ಯಾರಿಗೆ ಜಂತುಹುಳದ ಗುಳಿಗೆ ಮತ್ತು ಶುದ್ಧ ನೀರು ಬೇಕು ಎಂದು ಬೇರ್ಪಡಿಸಿ ಹೇಳಬಹುದು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಶಾಲೆಗಳಲ್ಲಿ ಮಕ್ಕಳಿದ್ದಾರೆ, ಶಿಕ್ಷಕರಿದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ.

ಮೈಸೂರಿನ ದಾದಿಯರು ಬರೆದಿಟ್ಟ ಅಂಕಿಗಳಿಗೆ ಬೆಲೆ ಬಂದದ್ದು ಆರು ದಶಕದ ನಂತರ. ಅಂದು ಅವರು ಬರೆಯದೇ ಬಿಟ್ಟಿದ್ದರೆ ಯಾವ ವಿಜ್ಞಾನಿಯೂ ಅದನ್ನು ಮರಳಿ ಪಡೆಯಲಾಗುತ್ತಿರಲಿಲ್ಲ. ಆದ್ದರಿಂದ ನರೋಣಾದ, ಆಳಂದದ, ಅಫಜಲಪುರ, ಜೇವರ್ಗಿಯ ಶಾಲೆಗಳ ಮುಖ್ಯ ಗುರುಗಳಿಗೆ, ಎಸ್‌ಡಿಎಂಸಿ ಸದಸ್ಯರಿಗೆ, ತಾಲ್ಲೂಕು ಆರೋಗ್ಯ ಅಧಿಕಾರಿಗಳಿಗೆ ಒಂದೇ ಕೋರಿಕೆ. ಮುಂದಿನ ಸಲ ಆರೋಗ್ಯ ತಂಡ ಬಂದಾಗ, ಮಕ್ಕಳ ಕಾರ್ಡಿನಲ್ಲಿ ಎತ್ತರ ಮತ್ತು ತೂಕದ ಪಕ್ಕ ಸೊಂಟದ ಸುತ್ತಳತೆಗೂ ಒಂದು ಕಾಲಂ ಎಳೆಯಿರಿ. ದಿನಾಂಕ ಹಾಕಿ ಬರೆದಿಡಿ.